ಒಂದು ಆಂಪ್, ಎರಡು ಅಳತೆಯ ಸಬ್‌ವೂಫರ್: ಓಮ್ ಲೆಕ್ಕ, ರೂಪಾಯಿ ಲೆಕ್ಕ

₹7,400. ದೀಪಾವಳಿಯಿಂದ ಸಂಕ್ರಾಂತಿಯೊಳಗೆ ನನ್ನ ತಮ್ಮನ ಕಾರಿನ ಡಿಕ್ಕಿಯಲ್ಲಿ ಸುಟ್ಟುಹೋದ ಹಣ ಇಷ್ಟು. ಆಂಪ್ಲಿಫೈಯರ್ ರಿಪೇರಿಗೆ 2,800, ಕಾಯಿಲ್ ಸುಟ್ಟ 10 ಇಂಚಿನ ಸಬ್‌ವೂಫರ್ 3,200, ಕಿತ್ತು ಬಿಸಾಕಿದ ವೈರಿಂಗ್ ಕಿಟ್ 1,400. ಎರಡು ಸಬ್‌ವೂಫರ್ ಬೇಕೇ ಬೇಕು ಎಂದು ಮೊದಲೇ ಸರಿಯಾಗಿ ಮಾಡಿಸಿದ್ದರೆ ಮೇಲೆ ಬೀಳುತ್ತಿದ್ದದ್ದು ₹6,700. ಒಂದೇ ಸಾಕು ಎಂದಿದ್ದರೆ ಬೀಳುತ್ತಿದ್ದದ್ದು ಸೊನ್ನೆ. ಮೂರು ಸಂಖ್ಯೆಗಳೂ ಹೇಗೆ ಬಂದವು ಎಂದು ಬಿಡಿಸಿ ಹೇಳಬೇಕೆನಿಸಿತು, ಏಕೆಂದರೆ ಹಳೆಯದೊಂದು, ಹೊಸದೊಂದು ಸಬ್‌ವೂಫರನ್ನು ಒಂದೇ ಆಂಪ್‌ಗೆ ಕಟ್ಟಿಕೊಂಡು ಓಡಾಡುವ ಕಾರುಗಳು ನಮ್ಮಲ್ಲಿ ಕಡಿಮೆ ಇಲ್ಲ.

ಕೈಯಲ್ಲಿದ್ದ ಸಾಮಾನು ಮೊದಲು ಹೇಳಿಬಿಡುತ್ತೇನೆ. ಹಳೆ ಕಾರಿನಿಂದ ಬಿಚ್ಚಿಟ್ಟಿದ್ದ 10 ಇಂಚಿನದು: ಒಂದೇ ಕಾಯಿಲ್, 4 ಓಮ್, ಆರ್‌ಎಂಎಸ್ (ಅಂದರೆ ಸತತವಾಗಿ ತಾಳುವ ಶಕ್ತಿ) 200 ವ್ಯಾಟ್. ಹೊಸದಾಗಿ ತಂದ 12 ಇಂಚಿನದು: ಎರಡು ಕಾಯಿಲ್, ಒಂದೊಂದೂ 4 ಓಮ್, ಆರ್‌ಎಂಎಸ್ 400 ವ್ಯಾಟ್. ಕ್ಲಾಸ್ ಡಿ ಮೋನೊ ಆಂಪ್: 4 ಓಮ್‌ಗೆ 250 ವ್ಯಾಟ್, 2 ಓಮ್‌ಗೆ 400 ವ್ಯಾಟ್, 2 ಓಮ್‌ಗಿಂತ ಕೆಳಗೆ ಇಳಿಸಬೇಡಿ ಎಂದು ಟರ್ಮಿನಲ್ ಪಕ್ಕದಲ್ಲೇ ಅಚ್ಚಾಗಿತ್ತು. ಬಿಲ್ಲು ಹೀಗೆ: ಆಂಪ್ 9,500, 12 ಇಂಚಿನ ಸಬ್ 6,800, ಪೆಟ್ಟಿಗೆ 2,500, ವೈರಿಂಗ್ ಕಿಟ್ 1,400, ಫಿಟ್ಟಿಂಗ್ 1,500. ಒಟ್ಟು ₹21,700. ಇವು ನಾವು ಕೊಟ್ಟ ದರಗಳು; ನಿಮ್ಮೂರಿನ ಅಂಗಡಿಯ ದರ ಹಾಕಿಕೊಂಡು ಲೆಕ್ಕ ಬದಲಿಸಿಕೊಳ್ಳಿ. ಓಮ್ ಮಾತ್ರ ಎಲ್ಲ ಊರಲ್ಲೂ ಒಂದೇ.

ಎರಡೂ ಸಬ್‌ಗಳನ್ನು ಆ ಒಂದೇ ಆಂಪ್‌ಗೆ ಕಟ್ಟಿಸಿಕೊಂಡು ದೀಪಾವಳಿ ಹಬ್ಬಕ್ಕೆ ತಮ್ಮ ಬೆಂಗಳೂರಿನಿಂದ ತಿಪಟೂರಿಗೆ ಹೊರಟ. ತುಮಕೂರು ದಾಟಿದ ಮೇಲೆ ಆಂಪ್ ಸದ್ದು ನಿಲ್ಲಿಸಿತು. ನೋಡಿದರೆ ಅದರ ಮೈಯಲ್ಲಿದ್ದ ಎರಡು 20 ಆಂಪಿಯರ್ ಫ್ಯೂಸೂ ಹೋಗಿದ್ದವು. ಫಿಟ್ ಮಾಡಿದವರಿಗೆ ಫೋನು ಹಚ್ಚಿದರೆ, "ಮೂವತ್ತರದು ಹಾಕ್ಕೊಳಿ ಸಾರ್, ಏನೂ ಆಗಲ್ಲ" ಎಂಬ ಉತ್ತರ ಬಂತು. ಗುಬ್ಬಿಯಲ್ಲಿ ಎರಡು 30 ಆಂಪಿಯರ್ ಫ್ಯೂಸ್ ಕೊಂಡು ಹಾಕಿದ. ನಿಟ್ಟೂರು ಹಿಂದೆ ಬೀಳುವಷ್ಟರಲ್ಲಿ ಆಂಪ್ ಮತ್ತೆ ನಿಂತಿತು, ಈ ಸಲ ಫ್ಯೂಸ್ ಹಾಗೇ ಇತ್ತು.

ಮನೆಗೆ ಬಂದು ಡಿಕ್ಕಿ ತೆಗೆದಾಗ ವಾಸನೆ ಇನ್ನೂ ಇತ್ತು. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡಿಕೊಂಡೇ ಬದುಕಿದವನು ನಾನು. ವೈಂಡಿಂಗ್ ವಾರ್ನಿಶ್ ಸುಟ್ಟ ವಾಸನೆ ಬೇರೆ, ತಂತಿಯ ಪಿವಿಸಿ ಕಾದ ವಾಸನೆ ಬೇರೆ. ಇಲ್ಲಿ ಎರಡನೆಯದೇ ಹೆಚ್ಚಿತ್ತು. ಬಾನೆಟ್ ಎತ್ತಿದೆ. ಬ್ಯಾಟರಿಯಿಂದ ಹೊರಟ ಕೆಂಪು ತಂತಿ ಫೈರ್‌ವಾಲ್ ತಗಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದೆ ಒಳಗೆ ನುಗ್ಗಿತ್ತು. ತಗಡಿನ ಅಂಚಿಗೆ ಒರಗಿದ ಕಡೆ ಹೊದಿಕೆ ಮೆತ್ತಗಾಗಿ ಉಗುರಿನಷ್ಟು ಉದ್ದ ಗೀರು ಬಿದ್ದಿತ್ತು. ಬೆರಳಿಂದ ಬಾಗಿಸಿದರೆ ಗೀರಿನೊಳಗೆ ಎಳೆಗಳು ಕಾಣುತ್ತಿದ್ದವು. ಬ್ಯಾಟರಿ ಹತ್ತಿರ ಫ್ಯೂಸ್ ಇರಲೇ ಇಲ್ಲ. ಆ ಗೀರು ಇನ್ನೊಂದು ಕೂದಲೆಳೆ ಆಳವಾಗಿದ್ದರೆ, ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ ನೇರವಾಗಿ ಕಾರಿನ ಮೈಗೆ ಶಾರ್ಟ್ ಆಗುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಈ ಲೇಖನ ಬರೆಯಲು ಮುಖ್ಯ ಕಾರಣ ಆ ಉಗುರಿನಷ್ಟು ಗೀರು.

ಆಂಪ್‌ನಿಂದ ಸ್ಪೀಕರ್ ತಂತಿ ಬಿಚ್ಚಿ ಮಲ್ಟಿಮೀಟರ್ ಹಚ್ಚಿದೆ. 1.5 ಓಮ್ ತೋರಿಸಿತು. ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿದರೆ 0.3, ಅದು ಮೀಟರ್ ತಂತಿಯದೇ ತಡೆ, ಕಳೆಯಬೇಕು. ಉಳಿದದ್ದು 1.2. ಒಂದು ಮಾತು ಇಲ್ಲಿ ಗಮನದಲ್ಲಿರಲಿ: 4 ಓಮ್ ಎಂದು ಬರೆದ ಕಾಯಿಲ್ ಮೀಟರಿನಲ್ಲಿ 4 ತೋರಿಸುವುದಿಲ್ಲ, ಸಾಮಾನ್ಯವಾಗಿ 3.2ರಿಂದ 3.7ರ ಒಳಗೆ ತೋರಿಸುತ್ತದೆ. ಮೀಟರ್ ಅಳೆಯುವುದು ಬರೀ ತಾಮ್ರದ ತಡೆ, ಬರೆದಿರುವುದು ಹಾಡು ಹರಿಯುವಾಗಿನ ಇಂಪೀಡೆನ್ಸ್. ಹಾಗಾಗಿ ಮೀಟರಿನ 1.2 ಅಂದರೆ ಲೆಕ್ಕದ 1.33. ಆಂಪ್ ಕೇಳಿದ್ದು 2, ಕೊಟ್ಟದ್ದು 1.33.

ಹೇಗೆ ಬಂತು ಈ 1.33? ಸೀರೀಸ್‌ನಲ್ಲಿ ಓಮ್ ಕೂಡಬೇಕು. ಪ್ಯಾರಲಲ್‌ನಲ್ಲಿ ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಬೇಕು. ಜಾರ್ಜ್ ಓಮ್ ತನ್ನ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ; ಕಾರಿನ ಡಿಕ್ಕಿಗೆ ಅದಕ್ಕಿಂತ ಹೆಚ್ಚಿನ ಗಣಿತ ಬೇಕಾಗಿಲ್ಲ. 12 ಇಂಚಿನದರ ಎರಡು ಕಾಯಿಲ್ ಪ್ಯಾರಲಲ್ ಮಾಡಿದರೆ 2 ಓಮ್. ಅದಕ್ಕೆ 4 ಓಮಿನ 10 ಇಂಚನ್ನು ಪ್ಯಾರಲಲ್ ಸೇರಿಸಿದರೆ 8 ಭಾಗಿಸು 6, ಅಂದರೆ 1.33.

ಫಿಟ್ ಮಾಡಿದವರು ಹೀಗೇಕೆ ಕಟ್ಟಿದರು ಎನ್ನುವುದೂ ಲೆಕ್ಕ ಹಾಕಿದಾಗ ಗೊತ್ತಾಯಿತು. ಪ್ಯಾರಲಲ್‌ನಲ್ಲಿ ಎರಡಕ್ಕೂ ಒಂದೇ ವೋಲ್ಟೇಜ್ ಬೀಳುತ್ತದೆ, ಕಡಿಮೆ ಓಮ್ ಇದ್ದವನು ಹೆಚ್ಚು ಕುಡಿಯುತ್ತಾನೆ. 28 ವೋಲ್ಟ್ ಹಿಡಿದರೆ 12 ಇಂಚಿಗೆ 392 ವ್ಯಾಟ್, 10 ಇಂಚಿಗೆ 196. ಒಂದರ ತಾಕತ್ತು 400, ಇನ್ನೊಂದರದ್ದು 200. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ! ಸಬ್‌ವೂಫರ್‌ಗಳ ಮಟ್ಟಿಗೆ ಎಲ್ಲವೂ ಸರಿ, ಆಂಪ್ ಮಟ್ಟಿಗೆ ಯಾವುದೂ ಸರಿಯಿಲ್ಲ. 2 ಓಮ್‌ಗೆ 400 ವ್ಯಾಟ್ ಕೊಡುವಾಗ ಆಂಪ್‌ನ ಹೊರಬಾಗಿಲಲ್ಲಿ ಹರಿಯುವುದು 14 ಆಂಪಿಯರ್. 1.33 ಓಮ್‌ಗೆ ಅದು 21 ಆಗುತ್ತದೆ. ಕರೆಂಟ್ ಒಂದೂವರೆ ಪಟ್ಟು. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಒಳಗಿನ ಟ್ರಾನ್ಸಿಸ್ಟರಿಗೆ ಎರಡೂಕಾಲು ಪಟ್ಟು. ಬ್ಯಾಟರಿ ಕಡೆಯಿಂದ ನೋಡಿದರೂ ಅಷ್ಟೇ. 400 ವ್ಯಾಟಿಗೆ ಸುಮಾರು 36 ಆಂಪಿಯರ್ ಎಳೆಯುತ್ತಿದ್ದ ಆಂಪ್, ಓಮ್ ಇಳಿದಾಗ ದಕ್ಷತೆಯೂ ಇಳಿಯುವುದರಿಂದ 588 ವ್ಯಾಟಿಗೆ 60ರ ಹತ್ತಿರ ಎಳೆಯುತ್ತದೆ. ಎರಡು 20ರ ಫ್ಯೂಸ್ ಸೇರಿ 40. ಫ್ಯೂಸ್ ಹೋದದ್ದು ದೋಷವಲ್ಲ, ಅದು ತನ್ನ ಕೆಲಸ ಮಾಡಿತ್ತು. 30ರದನ್ನು ಹಾಕಿದ ಗಳಿಗೆಯಲ್ಲಿ ಆ ಕೆಲಸವನ್ನು ಟ್ರಾನ್ಸಿಸ್ಟರ್ ಮಾಡಬೇಕಾಯಿತು.

ರಿಪೇರಿಯಾಗಿ ಬಂದ ಆಂಪ್‌ಗೆ ನಾನೇ ಕೈಯಾರೆ ಸಂಪರ್ಕ ಕೊಟ್ಟೆ. 12 ಇಂಚಿನ ಎರಡು ಕಾಯಿಲ್ ಸೀರೀಸ್ ಮಾಡಿದರೆ 8 ಓಮ್. ಅದಕ್ಕೆ 10 ಇಂಚಿನ 4 ಓಮ್ ಪ್ಯಾರಲಲ್. 32 ಭಾಗಿಸು 12, ಅಂದರೆ 2.67. ಎರಡಕ್ಕಿಂತ ಮೇಲಿದೆ, ಆಂಪ್ ತಣ್ಣಗೆ ಇರುತ್ತದೆ, ಮುಗಿಯಿತು ಅಂದುಕೊಂಡೆ. ಆಂಪ್ ತಣ್ಣಗೇ ಇತ್ತು. ಎರಡು ತಿಂಗಳಲ್ಲಿ 10 ಇಂಚಿನದರ ಕಾಯಿಲ್ ಹೋಯಿತು, ಈ ಸಲ ವಾರ್ನಿಶ್ ವಾಸನೆಯೇ.

ನಾನು ನೋಡಿದ್ದು ಒಟ್ಟು ಓಮ್ ಮಾತ್ರ. ಯಾರಿಗೆ ಎಷ್ಟು ಪಾಲು ಎಂದು ನೋಡಲಿಲ್ಲ. ಒಂದೇ ಅಳತೆಯ ಎರಡು ಸಬ್ ಇದ್ದರೆ ಪಾಲಿನ ಪ್ರಶ್ನೆಯೇ ಏಳುವುದಿಲ್ಲ, ಹೇಗೆ ಕಟ್ಟಿದರೂ ಅರ್ಧ ಅರ್ಧ. ಅಳತೆ ಬೇರೆಯಾದಾಗ ಒಟ್ಟು ಓಮ್ ಅರ್ಧ ಲೆಕ್ಕವಷ್ಟೇ, ಪಾಲು ಇನ್ನರ್ಧ. 2.67 ಓಮ್‌ಗೆ ಈ ಆಂಪ್ ಸುಮಾರು 340 ವ್ಯಾಟ್ ಕೊಡುತ್ತದೆ. 4 ಓಮ್ ಇರುವ 10 ಇಂಚು ಅದರಲ್ಲಿ ಮೂರನೇ ಎರಡು ಪಾಲು ಎಳೆದುಕೊಳ್ಳುತ್ತದೆ: 225 ವ್ಯಾಟ್. 8 ಓಮ್ ಆಗಿ ಕೂತ 12 ಇಂಚಿಗೆ 112. 200ರ ತಾಕತ್ತಿನವನಿಗೆ 225, 400ರ ತಾಕತ್ತಿನವನಿಗೆ 112. ಜೋಡಿ ಕಟ್ಟುವಾಗ ಬಡಕಲು ಎತ್ತಿನ ಕಡೆ ನೊಗದ ಉದ್ದ ಬಿಟ್ಟು ಹೊರೆ ಹಗುರ ಮಾಡುವುದು ನಮ್ಮ ರೈತರಿಗೆಲ್ಲ ಗೊತ್ತು. ನಾನು ಮಾಡಿದ್ದು ಅದರ ಉಲ್ಟಾ.

225 ಎಂದರೆ ಮಿತಿಗಿಂತ 25 ತಾನೆ, ಅಷ್ಟಕ್ಕೇ ಸುಡುತ್ತದೆಯೇ ಎಂದು ಕೇಳಬಹುದು. ಸುಟ್ಟದ್ದು ಕ್ಲಿಪ್ಪಿಂಗಿನಿಂದ. ಬಾಸ್ ಸಾಲದು ಎಂದು ಗೇನ್ ತಿರುವುತ್ತ ಹೋದಾಗ ಆಂಪ್ ತನ್ನ ಮಿತಿ ಮುಟ್ಟಿ, ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆ ಮಾಡುತ್ತದೆ. ಪೂರ್ತಿ ಚಪ್ಪಟೆಯಾದ ಚೌಕ ಅಲೆಯಲ್ಲಿ, ಅದೇ ಎತ್ತರದ ಸೈನ್ ಅಲೆಯ ಎರಡು ಪಟ್ಟು ಶಕ್ತಿ ಇರುತ್ತದೆ. 225 ಎಂದುಕೊಂಡದ್ದು 450ರವರೆಗೆ ಹೋಗಬಹುದು. ಸಾಲದು ಅನಿಸಿದ್ದೇಕೆ? ದೊಡ್ಡ ಸಬ್‌ಗೆ 112 ಮಾತ್ರ ಸಿಗುತ್ತಿತ್ತಲ್ಲ, ಅದಕ್ಕೆ.

ಇನ್ನೆರಡು ದಾರಿ ಉಳಿದಿವೆ, ಎರಡೂ ಸೀರೀಸ್. 12 ಇಂಚನ್ನು 2 ಓಮ್ ಮಾಡಿ 10 ಇಂಚಿನ ಜೊತೆ ಸೀರೀಸ್ ಕಟ್ಟಿದರೆ ಒಟ್ಟು 6 ಓಮ್, ಶಕ್ತಿ ಸುಮಾರು 170 ವ್ಯಾಟ್. ಸೀರೀಸ್‌ನಲ್ಲಿ ಕರೆಂಟ್ ಒಂದೇ, ಆದ್ದರಿಂದ ಹೆಚ್ಚು ಓಮ್ ಇದ್ದವನಿಗೆ ಹೆಚ್ಚು ಪಾಲು. ಮತ್ತೆ 10 ಇಂಚಿಗೇ 114, 12 ಇಂಚಿಗೆ 57. 12 ಇಂಚನ್ನು 8 ಓಮ್ ಮಾಡಿ ಸೀರೀಸ್ ಕಟ್ಟಿದರೆ ಒಟ್ಟು 12 ಓಮ್. ಪಾಲು ಈಗ ನೆಟ್ಟಗಾಗುತ್ತದೆ, ದೊಡ್ಡದಕ್ಕೆ 57, ಸಣ್ಣದಕ್ಕೆ 28. ಆದರೆ 400 ವ್ಯಾಟಿನ ಆಂಪ್ ಕೊಂಡು 85 ವ್ಯಾಟ್ ತೆಗೆದಂತಾಯಿತು.

ನಾಲ್ಕೂ ಎದುರಿಗಿಟ್ಟು ನೋಡಿ. ಪಾಲು ಸರಿ ಬೀಳುವುದು ಎರಡರಲ್ಲಿ: ಒಂದು ಆಂಪನ್ನು ಸುಡುತ್ತದೆ, ಇನ್ನೊಂದು ಸದ್ದೇ ಮಾಡುವುದಿಲ್ಲ. ಆಂಪ್‌ಗೆ ಹಿತವಾಗಿ ಸದ್ದೂ ಬರುವ ಎರಡರಲ್ಲಿ ಸಣ್ಣ ಸಬ್‌ಗೆ ದೊಡ್ಡದರ ಎರಡು ಪಟ್ಟು ಹೋಗುತ್ತದೆ. ಎರಡು ಕಾಯಿಲಿನಲ್ಲಿ ಒಂದನ್ನೇ ಬಳಸಿದರೆ 4 ಮತ್ತು 4 ಸೇರಿ ಸರಿಯಾಗಿ 2 ಓಮ್ ಬರುತ್ತದಲ್ಲ ಎಂದು ಒಬ್ಬರು ಸೂಚಿಸಿದರು. ಬರುತ್ತದೆ, ಆಂಪ್‌ಗೂ ಹಿತ. ಆದರೆ ಒಂದೇ ಕಾಯಿಲ್ ದುಡಿದರೆ ಶಾಖ ತಡೆಯುವ ತಾಕತ್ತು ಅರ್ಧವಾಗುತ್ತದೆ, ಕೋನನ್ನು ಹಿಡಿದು ನಿಲ್ಲಿಸುವ ಬಿಗಿಯೂ ಅರ್ಧವಾಗಿ ಬಾಸ್ ಸಡಿಲಾಗುತ್ತದೆ. 6,800 ಕೊಟ್ಟು ತಂದದ್ದನ್ನು ಅರ್ಧ ಮಲಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಸೀರೀಸ್ ಬಗ್ಗೆ ಇನ್ನೊಂದು ಮಾತು, ಇದು ಮೋಟಾರ್ ಕಾಯಿಲ್ ಕಲಿಸಿದ್ದು. ತಾಮ್ರದ ತಡೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ 0.39ರಂತೆ ಏರುತ್ತದೆ. ಮೀಟರಿನಲ್ಲಿ 3.5 ತೋರಿಸಿದ ಕಾಯಿಲ್ 150 ಡಿಗ್ರಿ ಬಿಸಿ ಏರಿದರೆ 5.5 ಆಗುತ್ತದೆ. ಪ್ಯಾರಲಲ್‌ನಲ್ಲಿ ಬಿಸಿಯಾದವನು ತಾನಾಗಿ ಕಡಿಮೆ ಎಳೆಯುತ್ತಾನೆ. ಸೀರೀಸ್‌ನಲ್ಲಿ ಬಿಸಿಯಾದವನ ಪಾಲೇ ದೊಡ್ಡದಾಗುತ್ತ ಹೋಗುತ್ತದೆ. ಸಾಲದ್ದಕ್ಕೆ ಅನುರಣನದ ಆವರ್ತನದಲ್ಲಿ ಸಬ್‌ವೂಫರಿನ ಇಂಪೀಡೆನ್ಸ್ ಬರೆದದ್ದರ ಹಲವು ಪಟ್ಟು ಏರುತ್ತದೆ, ಎರಡು ಬೇರೆ ಸಬ್‌ಗಳಿಗೆ ಆ ಆವರ್ತನವೂ ಬೇರೆ. ಹಾಡಿನ ಒಂದು ಸ್ವರಕ್ಕೆ ಒಂದು ವೋಲ್ಟೇಜ್ ನುಂಗಿದರೆ ಇನ್ನೊಂದು ಸ್ವರಕ್ಕೆ ಇನ್ನೊಂದು ನುಂಗುತ್ತದೆ. ಬೇರೆ ಬೇರೆ ಅಳತೆಯವನ್ನು ಸೀರೀಸ್ ಕಟ್ಟುವುದು ಸುರಕ್ಷಿತ ಎನ್ನುವ ಮಾತು ಆಂಪ್‌ಗೆ ಮಾತ್ರ ನಿಜ, ಕಿವಿಗಲ್ಲ.

ಎಷ್ಟು ಡೆಸಿಬೆಲ್ಲಿಗೆ ಎಷ್ಟು ರೂಪಾಯಿ

ಇಷ್ಟೆಲ್ಲ ಕಷ್ಟಪಟ್ಟು ಎರಡನೆಯದನ್ನು ಸೇರಿಸಿದರೆ ಸದ್ದು ಎಷ್ಟು ಹೆಚ್ಚುತ್ತದೆ? ಲೆಕ್ಕ ಹಾಕಿದ ಮೇಲೆ ತಮ್ಮ ಬಹಳ ಹೊತ್ತು ಸುಮ್ಮನಿದ್ದ.

12 ಇಂಚಿನದರ ಸೆನ್ಸಿಟಿವಿಟಿ 88 ಡೆಸಿಬೆಲ್, 10 ಇಂಚಿನದರದ್ದು 86, ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ. ವ್ಯಾಟ್ ಎರಡು ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ, ಹತ್ತು ಪಟ್ಟಾದರೆ 10. 12 ಇಂಚನ್ನು ಒಂಟಿಯಾಗಿ, ಎರಡೂ ಕಾಯಿಲ್ ಪ್ಯಾರಲಲ್ ಮಾಡಿ 2 ಓಮ್‌ಗೆ ಕಟ್ಟಿದರೆ ಆಂಪ್‌ನ ಪೂರ್ತಿ 400 ವ್ಯಾಟ್ ಅದಕ್ಕೇ ಸಿಗುತ್ತದೆ: 114 ಡೆಸಿಬೆಲ್. ನಾನು ಕಟ್ಟಿದ 2.67 ಓಮಿನ ಜೋಡಿಯಲ್ಲಿ 10 ಇಂಚು 109.5, 12 ಇಂಚು 108.5, ಎರಡರ ಅಲೆಗಳೂ ಪೂರ್ತಿ ಹೊಂದಿಕೊಂಡರೆ ಸೇರಿ 115. ಅಂದರೆ ಎರಡನೇ ಸಬ್, ಎರಡನೇ ಪೆಟ್ಟಿಗೆ, ಡಿಕ್ಕಿಯ ಅರ್ಧ ಜಾಗ, ಇಷ್ಟಕ್ಕೆ ಸಿಕ್ಕಿದ್ದು 1 ಡೆಸಿಬೆಲ್. ಕಿವಿಗೆ ಗೊತ್ತಾಗುವ ವ್ಯತ್ಯಾಸದ ಗಡಿಯೇ ಅಷ್ಟು.

ಅದೂ ಅಲೆ ಹೊಂದಿಕೊಂಡರೆ. ಎರಡು ಬೇರೆ ಸಬ್, ಬೇರೆ ಪೆಟ್ಟಿಗೆ ಆದಾಗ ಒಂದರ ಕೋನ್ ಮುಂದೆ ಬರುವ ಹೊತ್ತಿಗೆ ಇನ್ನೊಂದು ಇನ್ನೂ ಹಿಂದೆ ಇರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆ ಇದಕ್ಕೇ ಹೇಳಿದಂತಿದೆ. ಕಾಲು ಸುತ್ತು, ಅಂದರೆ 90 ಡಿಗ್ರಿ ಹಿಂದುಮುಂದಾದರೆ 115 ಇಳಿದು 112. 120 ಡಿಗ್ರಿ ಆದರೆ 109. ಒಂಟಿ 12 ಇಂಚಿಗಿಂತ 5 ಡೆಸಿಬೆಲ್ ಕಡಿಮೆ! 6 ಓಮ್ ಸೀರೀಸ್ ಜೋಡಿ ಅಲೆ ಪೂರ್ತಿ ಹೊಂದಿದರೂ 112 ದಾಟುವುದಿಲ್ಲ, 12 ಓಮಿನದು 109ರ ಆಸುಪಾಸು. ಆಂಪನ್ನು ಸುಟ್ಟ ಆ ಮೊದಲ ಜೋಡಣೆ ಮಾತ್ರ ಸುಮಾರು 118 ಕೊಡುತ್ತಿತ್ತು. ಮೊದಲ ದಿನ ಅಂಗಡಿ ಮುಂದೆ ಕೇಳಿದಾಗ ತಮ್ಮನಿಗೆ ಖುಷಿಯಾದದ್ದು ಸುಳ್ಳಲ್ಲ.

ಆ 118 ಅನ್ನು ಸುರಕ್ಷಿತವಾಗಿ ಪಡೆಯುವ ದಾರಿ ಒಂದಿದೆ: 10 ಇಂಚಿಗೆ ಅದರದ್ದೇ ಆಂಪ್. ಎರಡೂ ಚಾನೆಲ್ ಒಂದು ಮಾಡಿ ಬ್ರಿಡ್ಜ್ ಮಾಡಿದರೆ 4 ಓಮ್‌ಗೆ 200 ವ್ಯಾಟ್ ಕೊಡುವ ಎರಡು ಚಾನೆಲ್ ಆಂಪ್ 5,500, ಅದರ ತಂತಿ, ಫ್ಯೂಸು 1,200, ಒಟ್ಟು ₹6,700. ಒಂಟಿ 12 ಇಂಚಿಗಿಂತ ಸುಮಾರು 4 ಡೆಸಿಬೆಲ್ ಹೆಚ್ಚು, ಡೆಸಿಬೆಲ್ ಒಂದಕ್ಕೆ ಹತ್ತಿರ ಹತ್ತಿರ ₹1,700 ಬಿತ್ತು. ಇಲ್ಲಿ ಎರಡಕ್ಕೂ ಬೇರೆ ಬೇರೆ ಗೇನ್, ಬೇರೆ ಬೇರೆ ಕ್ರಾಸ್ಓವರ್, ಬೇರೆ ಫೇಸ್ ಸ್ವಿಚ್ ಇರುವುದರಿಂದ ಎತ್ತನ್ನೂ ಕೋಣವನ್ನೂ ಒಂದೇ ಕಡೆ ತಿರುಗಿಸಬಹುದು. ಬ್ರಿಡ್ಜ್ ಮಾಡುವಾಗ ಮರೆಯಬಾರದ ಸಂಗತಿ: ಪ್ರತಿ ಚಾನೆಲ್‌ಗೆ ಕಾಣುವುದು ಸ್ಪೀಕರಿನ ಅರ್ಧ ಓಮ್. 4 ಓಮ್ ಸಬ್ ಕಟ್ಟಿದರೆ ಒಂದೊಂದು ಚಾನೆಲ್ 2 ಓಮ್ ಹೊರುತ್ತದೆ. 2 ಓಮಿನದನ್ನು ಬ್ರಿಡ್ಜ್‌ಗೆ ಕಟ್ಟಿದರೆ 1 ಓಮ್, ಅಲ್ಲಿಗೆ ಕಥೆ ಮುಗಿಯಿತು.

10 ಇಂಚನ್ನು ಮಾರಿ ಇನ್ನೊಂದು ಅದೇ 12 ಇಂಚನ್ನು ತಂದರೆ? ಸಬ್ 6,800, ಪೆಟ್ಟಿಗೆ 2,500, ಹಳೆಯದು ಸರಿಯಿದ್ದಿದ್ದರೆ 1,500ಕ್ಕೆ ಹೋಗುತ್ತಿತ್ತು, ನಿವ್ವಳ 7,800. ಆದರೆ ಇಲ್ಲೂ ಓಮ್ ಕಾಡುತ್ತದೆ. ಎರಡೆರಡು 4 ಓಮ್ ಕಾಯಿಲಿನ ಎರಡು ಸಬ್ ಸೇರಿದರೆ ಸಿಗುವುದು 1 ಓಮ್, 4 ಓಮ್ ಅಥವಾ 16 ಓಮ್. 2 ಓಮ್ ಬರುವುದೇ ಇಲ್ಲ. ಈ ಆಂಪ್‌ಗೆ 4 ಓಮಿನದೇ ಗತಿ, 250 ವ್ಯಾಟ್, ತಲಾ 125. ಎರಡೆರಡು 2 ಓಮ್ ಕಾಯಿಲಿನ ಜೋಡಿ ಆಗಿದ್ದರೆ ಸರಿಯಾಗಿ 2 ಓಮ್ ಬಂದು 400 ಪೂರ್ತಿ ಸಿಗುತ್ತಿತ್ತು. ಸಬ್‌ವೂಫರ್ ಕೊಳ್ಳುವ ಮೊದಲು ಆಂಪ್‌ನ ಕನಿಷ್ಠ ಓಮ್ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು ಎನ್ನುವುದು ಇದಕ್ಕೇ.

ತಂತಿ, ಫ್ಯೂಸು

ಕಿಟ್‌ನಲ್ಲಿ ಬಂದಿದ್ದ ಕೆಂಪು ತಂತಿ 8 ಗೇಜಿನದು, 8.4 ಚದರ ಮಿಲಿಮೀಟರ್. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಇದರ ತಡೆ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್, ಒಟ್ಟು ತಡೆ 16 ಮಿಲಿಓಮ್. ಕೇಳಲು ಏನೂ ಅಲ್ಲ ಅನಿಸುತ್ತದೆ. 60 ಆಂಪಿಯರ್ ಹರಿದಾಗ ದಾರಿಯಲ್ಲೇ 1 ವೋಲ್ಟ್ ಕಳೆದುಹೋಗುತ್ತದೆ, 58 ವ್ಯಾಟ್ ಶಾಖವಾಗುತ್ತದೆ. ಒಂದು 60 ವ್ಯಾಟ್ ಬಲ್ಬಿನ ಕಾವನ್ನು ಕಾರ್ಪೆಟ್ ಕೆಳಗೆ ಹಾಸಿದಂತೆ. ಪಿವಿಸಿ ವಾಸನೆಯ ಮೂಲ ಇದು.

ಬದಲಿಗೆ ಹಾಕಿದ್ದು 16 ಚದರ ಮಿಲಿಮೀಟರಿನ ಬಹುಎಳೆಯ ತಾಮ್ರದ ತಂತಿ. ಇದಕ್ಕೆ ಕಾರ್ ಆಡಿಯೊ ಕಿಟ್ಟೇ ಬೇಕೆಂದಿಲ್ಲ, ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ, ಉಳಿದವರು ತಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳಬಹುದು. ಮೀಟರ್ 200ರಂತೆ 6 ಮೀಟರ್ 1,200, ಫ್ಯೂಸ್ ಹೋಲ್ಡರ್ ಮತ್ತು ಫ್ಯೂಸ್ 350, ಲಗ್ ಮತ್ತು ಗ್ರಾಮೆಟ್ 150, ಆರ್‌ಸಿಎ ತಂತಿ 300. ಒಟ್ಟು ₹2,000. ಬೆಂಕಿಯ ಭಯ ತಂದ ಕಿಟ್ 1,400. ವ್ಯತ್ಯಾಸ ₹600. 21,700ರ ಬಿಲ್ಲಿನಲ್ಲಿ ಉಳಿಸಬಾರದ 600 ಇದ್ದರೆ ಅದು ಇದೇ. ಹೊಸ ತಂತಿಯ 5 ಮೀಟರಿಗೆ ತಡೆ 6 ಮಿಲಿಓಮ್. 36 ಆಂಪಿಯರಿಗೆ ಕಳೆಯುವುದು 0.22 ವೋಲ್ಟ್, ಶಾಖ 8 ವ್ಯಾಟ್. ಎರಡು ಆಂಪ್ ಇಡುವವರು 25 ಚದರ ಮಿಲಿಮೀಟರಿಗೆ ಹೋಗಬೇಕು.

ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಇರಲೇಬೇಕು. ಆಂಪ್ ಮೇಲಿನ ಫ್ಯೂಸ್ ಆಂಪನ್ನು ಕಾಯುತ್ತದೆ, ಬ್ಯಾಟರಿ ಬಳಿಯ ಫ್ಯೂಸ್ ತಂತಿಯನ್ನು, ಕಾರನ್ನು, ಒಳಗೆ ಕೂತವರನ್ನು ಕಾಯುತ್ತದೆ. ಒಂದಿದೆ ಎಂದು ಇನ್ನೊಂದನ್ನು ಬಿಡುವಂತಿಲ್ಲ. ನಮ್ಮದಕ್ಕೆ 60 ಆಂಪಿಯರಿನದು ಹಾಕಿದೆ. ಅರ್ತ್ ತಂತಿಯೂ ಅಷ್ಟೇ ದಪ್ಪ, ಅರ್ಧ ಮೀಟರಿಗಿಂತ ಉದ್ದ ಬೇಡ, ಬಣ್ಣ ಕೆರೆದು ಬರಿ ತಗಡಿಗೆ ಬೋಲ್ಟ್. ಸ್ಪೀಕರ್ ತಂತಿಗೆ 2.5 ಚದರ ಮಿಲಿಮೀಟರ್ ಸಾಕು.

ಡಬ್ಬದ ಮೇಲಿನ 2000 ವ್ಯಾಟ್ ನಂಬಿ ಲೆಕ್ಕ ಹಾಕುವವರಿಗೂ ಫ್ಯೂಸೇ ಸತ್ಯ ಹೇಳುತ್ತದೆ. ಆಂಪ್ ಮೇಲಿನ ಫ್ಯೂಸುಗಳ ಮೊತ್ತವನ್ನು 13.8 ವೋಲ್ಟಿನಿಂದ ಗುಣಿಸಿ. 40 ಆಂಪಿಯರ್ ಆದರೆ 552 ವ್ಯಾಟ್ ಒಳಗೆ ಹೋಗುತ್ತದೆ. ಕ್ಲಾಸ್ ಡಿ ಆಂಪ್ ಅದರಲ್ಲಿ ಶೇ 80ರಷ್ಟನ್ನು ಹೊರಗೆ ಕೊಟ್ಟರೆ 440. ನಮ್ಮ ಆಂಪ್‌ನ 400 ನಿಜವೆಂದು ಗೊತ್ತಾದದ್ದು ಹೀಗೆ. ಅಮೆರಿಕದಲ್ಲಿ 2003ರಲ್ಲಿ ಬಂದ ಸಿಇಎ-2006 ಮಾನದಂಡದ ಗುರುತು ಇದ್ದರೆ ಆ ವ್ಯಾಟನ್ನು 14.4 ವೋಲ್ಟ್, 4 ಓಮ್, ಶೇ 1ರೊಳಗಿನ ವಿಕೃತಿಯಲ್ಲಿ ಅಳೆದಿದ್ದಾರೆ ಎಂದರ್ಥ. ಪೀಕ್, ಮ್ಯಾಕ್ಸ್ ಎಂದು ಬರೆದ ಸಂಖ್ಯೆಗಳನ್ನು ಓದದೇ ಮುಂದೆ ಹೋಗಬಹುದು.

ಗೇನ್ ಹೊಂದಿಸಲು ಕಿವಿ ನಂಬಬೇಡಿ. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟೇಜ್ ಬರುತ್ತದೆ. 400 ವ್ಯಾಟ್, 2 ಓಮ್: 28.3 ವೋಲ್ಟ್. ಸ್ಪೀಕರ್ ತಂತಿ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟೀರಿಯೋದ ವಾಲ್ಯೂಮ್ ಮುಕ್ಕಾಲಕ್ಕಿಟ್ಟು 50 ಹರ್ಟ್ಸ್ ಟೋನ್ ಹಾಕಿ, ಮೀಟರ್ ಎಸಿ ವೋಲ್ಟಿನಲ್ಲಿ 28.3 ತೋರಿಸುವವರೆಗೆ ಮಾತ್ರ ಗೇನ್ ತಿರುಗಿಸಿ ಬಿಡಬೇಕು. ಪ್ಲಸ್ ಮೈನಸ್ ಖಾತ್ರಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು: ಸೆಲ್‌ನ ಪ್ಲಸ್ಸನ್ನು ಕಾಯಿಲ್‌ನ ಪ್ಲಸ್‌ಗೆ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. ಎರಡು ಕಾಯಿಲ್ ಇದ್ದರೆ ಎರಡಕ್ಕೂ ನೋಡಿ.

ಪೆಟ್ಟಿಗೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎರಡು ಬೇರೆ ಸಬ್‌ಗಳನ್ನು ನಡುಗೋಡೆ ಇಲ್ಲದ ಒಂದೇ ಪೆಟ್ಟಿಗೆಯಲ್ಲಿ ಕೂರಿಸಬಾರದು. ಬಲವಾದದ್ದು ಒಳಗಿನ ಗಾಳಿ ಒತ್ತಿದಾಗ ದುರ್ಬಲವಾದ ಕೋನ್ ಅದರ ತಾಳಕ್ಕೆ ಕುಣಿಯುತ್ತದೆ, ಕಾಯಿಲ್ ತನ್ನ ದಾರಿ ಬಿಟ್ಟು ಉಜ್ಜುತ್ತದೆ. ಪ್ರತಿ ಸಬ್‌ಗೆ ಎಷ್ಟು ಲೀಟರ್ ಗಾಳಿ ಬೇಕು ಎನ್ನುವುದನ್ನು 1960, 70ರ ದಶಕಗಳಲ್ಲಿ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಕೊಟ್ಟ ಸೂತ್ರಗಳಿಂದ ಕಂಪನಿಗಳು ಲೆಕ್ಕ ಹಾಕಿ ಚೀಟಿಯಲ್ಲಿ ಬರೆದಿರುತ್ತವೆ. ಘನ ಅಡಿಯಲ್ಲಿದ್ದರೆ 28.3ರಿಂದ ಗುಣಿಸಿದರೆ ಲೀಟರ್.

ವಿಮೆಯ ಲೆಕ್ಕವನ್ನೂ ಹಲವರು ಬಿಟ್ಟುಬಿಡುತ್ತಾರೆ. ಕಾರಿನ ಜೊತೆ ಕಂಪನಿಯಿಂದ ಬಾರದ ವಿದ್ಯುತ್ ಸಾಮಗ್ರಿ ಮಾಮೂಲಿ ಪಾಲಿಸಿಯಲ್ಲಿ ಸೇರುವುದಿಲ್ಲ. ಐಎಂಟಿ 24 ಎಂಬ ಕಲಮಿನಡಿ ಅದರ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಬೇಕೆಂದು ಇಂಡಿಯನ್ ಮೋಟಾರ್ ಟ್ಯಾರಿಫ್ ಗೊತ್ತುಮಾಡಿತ್ತು. ಆ ದರದಲ್ಲಿ 21,700ಕ್ಕೆ ವರ್ಷಕ್ಕೆ ₹868, ತೆರಿಗೆ ಬೇರೆ. ಆದರೂ ವಿದ್ಯುತ್ ದೋಷದಿಂದ ತಾನಾಗಿ ಸುಟ್ಟ ಆಂಪ್‌ಗೆ ಆ ಕಲಮು ಪರಿಹಾರ ಕೊಡುವುದಿಲ್ಲ. ಓಮ್ ತಪ್ಪಿದ್ದರ ದಂಡ ಪೂರ್ತಿ ನಮ್ಮ ಜೇಬಿನಿಂದಲೇ.

ಸಂಕ್ರಾಂತಿಗೆ ತಮ್ಮನ ಕಾರಿನಲ್ಲಿ 12 ಇಂಚಿನದು ಒಂದೇ ಉಳಿಯಿತು. 2 ಓಮ್, 28.3 ವೋಲ್ಟ್, 20ರ ಎರಡು ಫ್ಯೂಸ್, ಬ್ಯಾಟರಿ ಬಳಿ 60ರದೊಂದು. ತಿಪಟೂರಿನಿಂದ ಬೆಂಗಳೂರು ಮುಟ್ಟಿ ಫೋನ್ ಮಾಡಿದ: ಆಂಪ್ ಮೇಲೆ ಕೈಯಿಟ್ಟರೆ ಉಗುರುಬೆಚ್ಚಗಿದೆಯಂತೆ.

ನಿಮ್ಮ ಕಾರಿನಲ್ಲಿ ಎರಡು ಬೇರೆ ಅಳತೆಯ ಸಬ್‌ವೂಫರ್ ಈಗಾಗಲೇ ಇದ್ದರೆ, ಇವತ್ತೇ ಬಾನೆಟ್ ಎತ್ತಿ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯೇ ನೋಡಿ. ಇಲ್ಲದಿದ್ದರೆ ಆಂಪ್‌ಗೆ ಹೋಗುವ ಕೆಂಪು ತಂತಿಯನ್ನು ಬ್ಯಾಟರಿಯಿಂದ ಬಿಚ್ಚಿಡಿ. ಓಮ್ ಅಳೆಯುವುದು ಆಮೇಲಿನ ಕೆಲಸ.